ಬಿಟ್ಟುಹೋದ ಪಾಠ

ಹತ್ತನೆಯ ತರಗತಿಯ ವಿಜ್ಞಾನದ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠವೊಂದಿತ್ತು. ಹೂವಿನ ಕೇಸರ, ಶಲಾಕೆಗಳವರೆಗೆ ನಮ್ಮ ಉಪಾಧ್ಯಾಯರು ಸೊಗಸಾಗಿಯೇ ಬೋಧಿಸಿದರು. ಮನುಷ್ಯನ ಸರದಿ ಬಂದೊಡನೆ, "ಮುಂದಿನದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಪುಟ ಮಗುಚಿದರು. ಹುಡುಗರು ನಕ್ಕರು, ಹುಡುಗಿಯರು ತಲೆ ತಗ್ಗಿಸಿದರು. ನಕ್ಕವರಲ್ಲಿ ನಾನೂ ಒಬ್ಬ. ಮನೆಯಲ್ಲಿ ಓದಿಕೊಳ್ಳಬೇಕಂತೆ! ಒಂದೇ ಪಡಸಾಲೆಯಲ್ಲಿ ಎಂಟು ಮಂದಿ ಮಲಗುವ ಮನೆಯಲ್ಲಿ ಆ ಪುಟವನ್ನು ಯಾರೆದುರು ತೆರೆಯುವುದು?

ಆ ನಗೆಯ ಬೆಲೆ ನನಗೆ ತಿಳಿದದ್ದು ಬಳ್ಳಾರಿಗೆ ಬಂದ ಮೇಲೆ. ಸಿರುಗುಪ್ಪ, ತೆಕ್ಕಲಕೋಟೆ, ಕುರುಗೋಡುಗಳಿಂದ ದಿನವೂ ಬಸ್ಸಿನಲ್ಲಿ ಓಡಾಡಿ ಓದುವವರು ನಮ್ಮಲ್ಲಿ ಅನೇಕರಿದ್ದಾರೆ. ಸಿರುಗುಪ್ಪದ ಕಡೆಯ ಹಳ್ಳಿಯಿಂದ ಬರುತ್ತಿದ್ದ ಸಹಪಾಠಿನಿಯೊಬ್ಬಳ ಹೆಸರನ್ನು ಒಬ್ಬ ಹುಡುಗ ತನ್ನ ಹೆಸರಿನೊಡನೆ ಸೇರಿಸಿ ಬಸ್ಸಿನ ಸೀಟಿನ ಬೆನ್ನ ಮೇಲೆ ಗೀಚಿದ. ಸುದ್ದಿಯು ಬಸ್ಸಿಗಿಂತ ಮೊದಲೇ ಊರು ಮುಟ್ಟಿತು. ಮರುವಾರದಿಂದ ಆಕೆ ಕಾಲೇಜಿಗೆ ಬರಲಿಲ್ಲ. ಗೀಚಿದವನು ಪರೀಕ್ಷೆಗೆ ಕುಳಿತ, ತೇರ್ಗಡೆಯಾದ.

ಅವನು ನನಗೆ ಪರಿಚಿತನೇ. ಏಕೆ ಹೀಗೆ ಮಾಡಿದೆಯೆಂದು ಕೇಳಿದೆ. ಆಕೆಯನ್ನು ಮೆಚ್ಚಿದ್ದನಂತೆ, ಒಮ್ಮೆ ಮಾತನಾಡಿಸಲು ಹೋದಾಗ ಆಕೆ ಮುಖ ತಿರುಗಿಸಿದಳಂತೆ, ಗೆಳೆಯರ ಮುಂದೆ ಅವಮಾನವಾಯಿತಂತೆ. ಅವನು ದುಷ್ಟನಲ್ಲ. ಹೆಣ್ಣೊಬ್ಬಳು ಬೇಡವೆಂದರೆ ತನ್ನ ಗಂಡಸುತನಕ್ಕೇ ಕುಂದೆಂದು ಅವನಿಗೆ ಸಿನಿಮಾ ಕಲಿಸಿತ್ತು, ಕೈಯಲ್ಲಿನ ಮೊಬೈಲು ಕಲಿಸಿತ್ತು. ಹಾಗಲ್ಲವೆಂದು ಹೇಳಿದ ಹಿರಿಯರು ಒಬ್ಬರೂ ಇರಲಿಲ್ಲ. ಇನ್ನು ಆಕೆ? ತಾನು ಯಾವ ತಪ್ಪನ್ನೂ ಮಾಡಿಲ್ಲವೆಂದು ಮನೆಯವರೆದುರು ನಿಂತು ನುಡಿಯುವ ಧೈರ್ಯವನ್ನು ಆಕೆಗೂ ಯಾರೂ ಕೊಟ್ಟಿರಲಿಲ್ಲ. ಲೈಂಗಿಕ ಶಿಕ್ಷಣವೆಂದರೆ ಅಂಗಾಂಗಗಳ ಚಿತ್ರಪಟವೆಂದು ತಿಳಿದವರು ಈ ಇಬ್ಬರನ್ನು ನೆನೆಯಬೇಕು. ಇವರಿಬ್ಬರಿಗೂ ಬೇಕಾಗಿದ್ದುದು ತಮ್ಮ ಬಗೆಗೆ ತಮಗೇ ಇರಬೇಕಾದ ಗೌರವ.

ಈ ಶಿಕ್ಷಣ ನಮ್ಮ ನಾಡಿಗೆ ಬರಲೇ ಇಲ್ಲವೆಂದಲ್ಲ. 2005ರಲ್ಲಿ ಕೇಂದ್ರ ಸರ್ಕಾರವು ಹದಿಹರೆಯದವರ ಶಿಕ್ಷಣ ಕಾರ್ಯಕ್ರಮವನ್ನು ಶಾಲೆಗಳಿಗೆ ತಂದಿತು. 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು, ಇದು ನಮ್ಮ ಸಂಸ್ಕೃತಿಗೆ ಒಗ್ಗದೆಂದು ತಡೆಹಿಡಿದವು. ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರೆಂಬ ಹಿರಿಯರ ಅಂಜಿಕೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಹೆತ್ತವರಿಗೆ ಅದು ಸಹಜ. ಆದರೆ ಹಲವು ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿ ಯುನೆಸ್ಕೋ 2018ರಲ್ಲಿ ಹೊರತಂದ ಮಾರ್ಗದರ್ಶಿಯು, ಇಂತಹ ಶಿಕ್ಷಣದಿಂದ ಸ್ವೇಚ್ಛಾಚಾರ ಹೆಚ್ಚುವುದಿಲ್ಲವೆಂದೇ ತಿಳಿಸುತ್ತದೆ.

ಸಂಸ್ಕೃತಿಯ ಮಾತು ಬಂದುದರಿಂದ ಇನ್ನೊಂದು ಮಾತು. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ ಅವರು ಇದೇ ವಿಷಯವನ್ನು ತಿಳಿಗನ್ನಡದಲ್ಲಿ, ಮರ್ಯಾದೆ ಮೀರದೆ ಬರೆದರು. ಅವರ 'ವಧುವಿಗೆ ಕಿವಿಮಾತು' ಎಷ್ಟೋ ಮನೆಗಳಲ್ಲಿತ್ತು. (ವರನಿಗೂ ಎರಡು ಕಿವಿಗಳಿವೆಯೆಂಬುದನ್ನು ನಮ್ಮ ಸಮಾಜ ಮರೆತದ್ದು ಬೇರೆ ವಿಚಾರ.) ಶಾಲೆಯಲ್ಲಿಯೂ ಹೀಗೆಯೇ ಆಯಿತು: ಆರೋಗ್ಯದ ಉಪನ್ಯಾಸಕ್ಕೆಂದು ಹುಡುಗಿಯರನ್ನು ಕೊಠಡಿಯಲ್ಲಿ ಕೂಡಿಸಿ ನಮ್ಮನ್ನು ಮೈದಾನಕ್ಕೆ ಅಟ್ಟಿದರು. ಕಲಿಯಬೇಕಾಗಿದ್ದವರು ಕಬಡ್ಡಿ ಆಡಿದೆವು! ಹದಿನೆಂಟು ತುಂಬದವರ ರಕ್ಷಣೆಗೆ 2012ರಲ್ಲಿ ಪೋಕ್ಸೋ ಕಾಯಿದೆ ಬಂದಿರುವುದನ್ನು ನಮ್ಮಲ್ಲಿ ಎಷ್ಟು ಮಂದಿ ಪೊಲೀಸು ಠಾಣೆಯ ಸುದ್ದಿಗಿಂತ ಮೊದಲು ಕೇಳಿದ್ದೇವೆ?

ಅಧ್ಯಾಪಕವರ್ಗದಲ್ಲಿ ನನ್ನದೊಂದು ವಿನಂತಿ. ವಾರಕ್ಕೊಂದು ಗಂಟೆ ಸಾಕು. ಹುಡುಗರೂ ಹುಡುಗಿಯರೂ ಕೂಡಿಯೇ ಕುಳಿತಿರಲಿ. ಹದಿಹರೆಯದವರಿಗೆ ಸಲಹೆ ನೀಡುವ 'ಸ್ನೇಹ ಕ್ಲಿನಿಕ್'ಗಳು ಸರ್ಕಾರಿ ಆಸ್ಪತ್ರೆಗಳಲ್ಲಿವೆ. ಅಲ್ಲಿಯ ಆಪ್ತಸಮಾಲೋಚಕರನ್ನು ಕರೆಸಬಹುದು. ಹೆಸರು ಬರೆಯದ ಚೀಟಿಗಳಿಗೊಂದು ಪೆಟ್ಟಿಗೆಯಿರಲಿ. ಬೇಡವೆಂದವಳ ಎದುರು ಮರುದಿನ ಹೇಗೆ ನಡೆದುಕೊಳ್ಳಬೇಕೆಂಬ ಚೀಟಿಯನ್ನು ನಾನೇ ಮೊದಲು ಹಾಕುತ್ತೇನೆ. ಆದರೆ ಆ ಗಂಟೆಯನ್ನು ಸಂಜೆಗೆ ಇಡಬೇಡಿರಿ. ಸಿರುಗುಪ್ಪ, ಕುರುಗೋಡಿನ ಬಸ್ಸುಗಳನ್ನು ಹಿಡಿಯಬೇಕಾದವರು ಅಷ್ಟರಲ್ಲಿ ಎದ್ದು ಹೋಗಿರುತ್ತಾರೆ.