ಊರಿನ ಹೆಸರು ತಿದ್ದಿದವರು

ಹಲವು ವರ್ಷಗಳ ಹಿಂದೆ ನಮ್ಮ ಶಾಲೆಗೆ ತಪಾಸಣೆಗೆಂದು ಒಬ್ಬ ಸಾಹೇಬರು ಬಂದಿದ್ದರು. ಮೂರನೆಯ ತರಗತಿಯ ಹುಡುಗನನ್ನು ಎಬ್ಬಿಸಿ, ‘ಯಾವ ಊರಪ್ಪಾ?’ ಎಂದರು. ‘ಕೊಡ್ಲಿರಿ’ ಎಂದ. ‘ಕೊಡ್ಲಿ ಅಲ್ಲ, ಕೊಡಲಿ ಅನ್ನು. ಏನ್ರೀ ಟೀಚರ್, ಮಕ್ಕಳ ನಾಲಿಗೆ ತಿದ್ದೋದಿಲ್ಲವೇ?’ ಎಂದು ನನ್ನ ಕಡೆ ತಿರುಗಿದರು. ಊರಿನ ಹೆಸರನ್ನೇ ತಿದ್ದಿಬಿಟ್ಟರು! ಅಂದು ಸುಮ್ಮನಿದ್ದೆ. ಈಗ ಸುಮ್ಮನಿರಲಾರೆ.

ಭಾಷಾವಿಜ್ಞಾನಿಗಳು ಎರಡು ಮೂಲ ಘಟಕಗಳನ್ನು ಹೇಳುತ್ತಾರೆ. ಒಂದು ಧ್ವನಿಮಾ: ಬದಲಿಸಿದರೆ ಅರ್ಥವೇ ಬದಲಾಗುವ ಧ್ವನಿ. ‘ನಡು’ವನ್ನು ಎಳೆದರೆ ‘ನಾಡು’. ‘ಕಲ್ಲು’ ‘ಕಳ್ಳು’ ಆದರೆ ಕುಡಿಯುವ ವಸ್ತು. ಇನ್ನೊಂದು ಆಕೃತಿಮಾ: ಅರ್ಥವುಳ್ಳ, ಇನ್ನು ಒಡೆಯಲಾಗದ ಚಿಕ್ಕ ತುಣುಕು. ನಮ್ಮ ಮಾತಿನಲ್ಲಿ ಕಟ್ಟಿಗೆ ಒಡೆಯುವ ‘ಕೊಡ್ಲಿ’ ಒಂದೇ ತುಣುಕು. ‘ಅವ್ವ ರೊಟ್ಟಿ ಕೊಡ್ಲಿ’ ಎಂದಾಗ ‘ಕೊಡು’, ‘ಅಲಿ’ ಎಂದು ಎರಡು. ಧ್ವನಿಗಳು ಅವೇ, ತುಣುಕುಗಳ ಲೆಕ್ಕ ಬೇರೆ. ಊರಿನ ಹೆಸರು ಮೂರನೆಯದು. ಈ ಮೂರನ್ನೂ ಆ ಹುಡುಗ ಎಂದೂ ಕಲಸಿಕೊಂಡಿರಲಿಲ್ಲ. ಕಲಸಿದವರು ಓದಿದವರು.

ನನ್ನ ಜಗಳ ನನ್ನದೇ ಕಸುಬಿನವರೊಡನೆಯೂ ಇದೆ. ಮಗು ‘ಮನಿ’, ‘ಎಲಿ’, ‘ತಲಿ’ ಎಂದರೆ ಅಶುದ್ಧ ಎನ್ನುತ್ತೇವೆ. ಪದದ ಕೊನೆಯ ಎಕಾರ ಇಕಾರವಾಗುವುದು ಉತ್ತರ ಕರ್ನಾಟಕದ ಆಡುಮಾತಿನ ನೇಮ. ಬರೀ ತಪ್ಪಾಗಿದ್ದರೆ ಇಡೀ ಸೀಮೆ ಅದನ್ನು ಇಷ್ಟು ಕ್ರಮವಾಗಿ ಮಾಡುತ್ತಿತ್ತೇ? ಹೌದು, ನಮ್ಮಲ್ಲಿ ಕತ್ತೆಯೂ ‘ಕತ್ತಿ’ಯೇ, ಕೊಯ್ಯುವುದೂ ‘ಕತ್ತಿ’ಯೇ. ಆದರೆ ಕತ್ತೆ ಹಿಡಿದು ಕಬ್ಬು ಕಡಿಯಲು ಹೋದವರನ್ನು ನಾನಂತೂ ಕಂಡಿಲ್ಲ. ಬರೆಯುವಾಗ ‘ಮನೆ’ ಎಂದೇ ಕಲಿಸಬೇಕು, ನಾನೂ ಕಲಿಸುತ್ತೇನೆ. ಆದರೆ ‘ನಾಡು’ ಎನ್ನುವಲ್ಲಿ ‘ನಡು’ ಬರೆದದ್ದಕ್ಕೂ, ಬಾಯಿಂದ ‘ಮನಿ’ ಎಂದದ್ದಕ್ಕೂ ಒಂದೇ ಶಿಕ್ಷೆಯೇ? ‘ಧನ’ ಎನ್ನಲು ಬಾರದೆ ‘ದನ’ ಎಂದ ಮಗುವಿನ ಕಿವಿ ಹಿಂಡುವ ಗುರುಗಳೇ, ನಿಮ್ಮ ಮನೆಯ ಅಡಿಗೆಮನೆಯಲ್ಲಿ ಎಷ್ಟು ಮಹಾಪ್ರಾಣಗಳು ಕೇಳಿಸುತ್ತವೆ? ನಮ್ಮ ಕಡೆ ಅದನ್ನು ಸಲೀಸಾಗಿ ನುಡಿಯುವವರು ತಾಂಡಾದ ಮಕ್ಕಳು. ಅವರ ಲಂಬಾಣಿಯಲ್ಲಿ ಅದು ಸಹಜ. ಅವರಿಗೆ ಅದಕ್ಕಾಗಿ ಶಾಭಾಸ್ ಎಂದವರುಂಟೇ?

ಈ ಶುದ್ಧ ಕನ್ನಡದ ಕಾಟ ಹಳೆಯದು. 9ನೇ ಶತಮಾನದ ‘ಕವಿರಾಜಮಾರ್ಗ’ ರಾಷ್ಟ್ರಕೂಟರ ಆಸ್ಥಾನದ ಕೃತಿ. ಅವರ ರಾಜಧಾನಿ ಮಳಖೇಡ, ಈಗಿನ ನಮ್ಮ ಸೇಡಂ ತಾಲೂಕಿನದು. ಆದರೂ ಕನ್ನಡದ ತಿರುಳೆಂದು ಅದು ಹೆಸರಿಸಿದ್ದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನಾಡನ್ನು. ಇರಲಿ, ದೇಸಿಯ ಬಗೆಗಳನ್ನು ಎಣಿಸಹೊರಟರೆ ವಾಸುಕಿಗೂ ಬೇಸರವಾದೀತೆಂದು ಅದೇ ಗ್ರಂಥ ಒಪ್ಪಿಕೊಂಡಿದೆ. ನಮ್ಮ ಸಾಹೇಬರಿಗೆ ಅಷ್ಟೂ ಸೈರಣೆಯಿಲ್ಲ.

ಅಂದು ಹುಡುಗ ‘ಕೊಡಲಿ’ ಎಂದು ಹೇಳಿ ಕುಳಿತ. ಜೀಪು ಹೋದ ಮೇಲೆ ನನ್ನ ಮೇಜಿನ ಬಳಿ ಬಂದು ಮೆಲ್ಲಗೆ ಕೇಳಿದ: ‘ಟೀಚರ್, ನಮ್ಮೂರ ಹೆಸರು ತಪ್ಪು ಅದೇನ್ರಿ?’