ಬಾಡಿಗೆ ಕಟ್ಟದ ಹೆಸರು

ಮಕ್ಕಳೇ, 1999ರ ಕ್ರಿಸ್‌ಮಸ್ ವೇಳೆಗೆ ಒಂದು ತಮಾಷೆ ನಡೆಯಿತು. ಆಗ ಹಾಟ್‌ಮೇಲ್ ಎಂಬ ಇ-ಮೇಲ್ ಬಲು ಜನಪ್ರಿಯ. ನಿಮ್ಮ ಅಪ್ಪ-ಅಮ್ಮನ ಮೊದಲ ಇ-ಮೇಲ್ ವಿಳಾಸ ಅದರಲ್ಲೇ ಇದ್ದಿರಬಹುದು, ಕೇಳಿ ನೋಡಿ. ಇದ್ದಕ್ಕಿದ್ದಂತೆ ಎಷ್ಟೋ ಮಂದಿಗೆ ತಮ್ಮ ಪತ್ರಗಳನ್ನು ತೆರೆಯಲು ಆಗಲಿಲ್ಲ. ಕಾರಣ ಹುಡುಕಿದರೆ, ಅದರ ಒಡೆಯ ಮೈಕ್ರೋಸಾಫ್ಟ್ ಕಂಪನಿ 'ಪಾಸ್‌ಪೋರ್ಟ್ ಡಾಟ್ ಕಾಮ್' ಎಂಬ ತನ್ನ ಹೆಸರಿಗೆ 35 ಡಾಲರ್ ಶುಲ್ಕ ಕಟ್ಟಿರಲಿಲ್ಲ! ಮೈಕಲ್ ಚೇನಿ ಎಂಬ ಕಂಪ್ಯೂಟರ್ ತಜ್ಞ ತನ್ನ ಕ್ರೆಡಿಟ್ ಕಾರ್ಡಿನಿಂದಲೇ ಆ ದುಡ್ಡು ಕಟ್ಟಿದ. ಬಾಗಿಲು ತೆರೆಯಿತು. ಕಂಪನಿ ಆಮೇಲೆ ಅವನಿಗೆ 500 ಡಾಲರಿನ ಚೆಕ್ ಕಳಿಸಿತು.

ಎಲ್ಲರಿಗೂ ಚೇನಿಯಂಥವರು ಸಿಗುವುದಿಲ್ಲ. ನಮ್ಮ ಓದುಗರಾದ ನಿವೃತ್ತ ಮೇಷ್ಟ್ರೊಬ್ಬರ ಕಾಗದ ಕೆಲವು ತಿಂಗಳ ಹಿಂದೆ ಬಂತು. ಅವರೂರ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಒಂದು ವೆಬ್‌ಸೈಟ್ ಇತ್ತು. ಹಳೆಯ ಗ್ರೂಪ್ ಫೋಟೋಗಳು, ತೀರಿಕೊಂಡ ಗುರುಗಳ ಚಿತ್ರಗಳು ಎಲ್ಲ ಅದರಲ್ಲೇ. ವಿಳಾಸವನ್ನು ನೋಂದಾಯಿಸಿದ್ದ ಸದಸ್ಯರು ಕೆಲಸ ಬಿಟ್ಟು ಬೇರೆ ದೇಶಕ್ಕೆ ಹೋದರು. ನೆನಪೋಲೆಗಳು ಅವರ ಹಳೆಯ ಆಫೀಸಿನ ಇ-ಮೇಲಿಗೆ ಹೋಗಿ ಅಲ್ಲೇ ಕೊನೆಯಾದವು. ಈಗ ಶಾಲೆಯ ಹೆಸರು ಒತ್ತಿದರೆ ರಮ್ಮಿ ಜೂಜಿನ ಜಾಹೀರಾತು ಕುಣಿಯುತ್ತದೆ! ಶತಮಾನೋತ್ಸವದ ಪುಸ್ತಕದಲ್ಲಿ ಅದೇ ವಿಳಾಸ ಅಚ್ಚಾಗಿದೆ, ಮಕ್ಕಳು ಒತ್ತುತ್ತಿದ್ದಾರೆ. ಹೆಸರು ಹಿಡಿದವನು ಕೇಳುತ್ತಿರುವುದು 900 ಡಾಲರ್, ಅಂದರೆ ಮುಕ್ಕಾಲು ಲಕ್ಷ ರೂಪಾಯಿಗೂ ಹೆಚ್ಚು. ಸಂಘದ ಖಾತೆಯಲ್ಲಿ ಇರುವುದು ಹನ್ನೊಂದು ಸಾವಿರ.

ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು, ಆಮೇಲೆ ಆ ಸೀಟನ್ನೇ ಮಾರುವವನನ್ನು ಊಹಿಸಿಕೊಳ್ಳಿ. ಇಂಟರ್ನೆಟ್ಟಿನಲ್ಲಿ ಇಂಥವರಿಗೆ ಸೈಬರ್ ಸ್ಕ್ವಾಟರ್ ಎನ್ನುತ್ತಾರೆ. ಡೊಮೇನ್ ಹೆಸರು ಯಾರೂ ಕೊಂಡ ಆಸ್ತಿಯಲ್ಲ, ಬ್ಯಾಂಕ್ ಲಾಕರಿನ ಹಾಗೆ ಬಾಡಿಗೆಯ ಸಾಮಾನು. ಬಾಡಿಗೆ ನಿಂತರೆ ಹೋಯಿತು.

ಆದರೆ ಒಂದೇ ದಿನದಲ್ಲಿ ಹೋಗುವುದಿಲ್ಲ. ನನ್ನ ವಾರಿಗೆಯವರಿಗೆ ಜೀವವಿಮೆಯ ಪಾಲಿಸಿ ಲ್ಯಾಪ್ಸ್ ಆಗುವುದು ಗೊತ್ತಲ್ಲ, ಇದೂ ಹಾಗೆಯೇ. ಡಾಟ್ ಕಾಮ್, ಡಾಟ್ ಆರ್ಗ್‌ನಂಥ ಹೆಸರುಗಳಿಗೆ ನೋಂದಣಿ ಕಂಪನಿ ಅವಧಿಗೆ ಸುಮಾರು ಒಂದು ತಿಂಗಳ ಮುಂಚೆ ಒಮ್ಮೆ, ಒಂದು ವಾರದ ಮುಂಚೆ ಒಮ್ಮೆ, ಮುಗಿದ 5 ದಿನದೊಳಗೆ ಇನ್ನೊಮ್ಮೆ ತಿಳಿಸಲೇಬೇಕು. ಮುಗಿದ ಮೇಲೂ ಹೆಚ್ಚೆಂದರೆ 45 ದಿನ ಮಾಮೂಲು ಶುಲ್ಕಕ್ಕೇ ಬಿಡಿಸಿಕೊಳ್ಳುವ ಅವಕಾಶ ಇರಬಹುದು. ಅದು ಕಂಪನಿಯ ಮರ್ಜಿ, ಕೆಲವರು ಅಷ್ಟರಲ್ಲೇ ಹರಾಜಿಗೆ ಇಡುತ್ತಾರೆ. ಹೆಸರನ್ನು ಅಳಿಸಿದ ಮೇಲೆ 30 ದಿನ ದಂಡ ತೆತ್ತು ವಾಪಸು ಪಡೆಯಬಹುದು. ಈ ದಂಡ ಹಲವು ಸಾವಿರ ರೂಪಾಯಿ ಆಗುತ್ತದೆ. ಕೊನೆಗೆ 5 ದಿನ ಯಾರೂ ಮುಟ್ಟುವಂತಿಲ್ಲ. ಆರನೆಯ ದಿನ ಟವೆಲ್ ಎಸೆಯುವವರ ಸರದಿ. ಆದ್ದರಿಂದ ಹೆಸರು ಹೋಯಿತೆಂದು ಅಳುವ ಮೊದಲು 'ಹೂಈಸ್' ಎಂಬ ಪುಕ್ಕಟೆ ಹುಡುಕಾಟದಲ್ಲಿ ತಾರೀಖು ನೋಡಿ. ಮೇಷ್ಟ್ರು ನೋಡಿದರು. ಗಡುವುಗಳೆಲ್ಲ ಮೀರಿ ಆಗಲೇ ನಾಲ್ಕು ತಿಂಗಳು.

ದೂರು ಕೊಡಲು ದಾರಿ ಇದೆ. ಯುಡಿಆರ್‌ಪಿ ಎಂಬ ನಿಯಮ 1999ರಲ್ಲಿ ಬಂತು. ಅದರ ಮೊದಲ ತೀರ್ಪೇ ಕುಸ್ತಿಯದು! ವರ್ಲ್ಡ್ ರೆಸ್ಲಿಂಗ್ ಫೆಡರೇಷನ್ನಿನ ಹೆಸರನ್ನು ಒಬ್ಬ 100 ಡಾಲರಿಗೆ ನೋಂದಾಯಿಸಿ, ಮೂರೇ ದಿನದಲ್ಲಿ ಅವರಿಗೇ 1000 ಡಾಲರಿಗೆ ಮಾರಲು ಹೋದ. 2000ದ ಜನವರಿಯಲ್ಲಿ ಹೆಸರು ಕುಸ್ತಿಯವರ ಪಾಲಾಯಿತು. ದೂರುದಾರ ಮೂರು ವಿಷಯ ತೋರಿಸಬೇಕು: ಹೆಸರು ನಮ್ಮ ಗುರುತಿಗೆ ಹೋಲುತ್ತದೆ, ಹಿಡಿದವನಿಗೆ ಅದರಲ್ಲಿ ಹಕ್ಕಿಲ್ಲ, ಕೆಟ್ಟ ಉದ್ದೇಶದಿಂದಲೇ ಹಿಡಿದು ಬಳಸುತ್ತಿದ್ದಾನೆ. ಆದರೆ ಜಿನೀವಾದ ವೈಪೋ ಸಂಸ್ಥೆಯಲ್ಲಿ ಒಬ್ಬ ತೀರ್ಪುಗಾರನಿಗೇ 1500 ಡಾಲರ್ ಶುಲ್ಕ. ಗೆದ್ದರೂ ಹೆಸರು ಸಿಗುತ್ತದೆ, ಖರ್ಚು ಬರುವುದಿಲ್ಲ. ಕಳ್ಳ ಕೇಳುವುದಕ್ಕಿಂತ ನ್ಯಾಯವೇ ದುಬಾರಿ! ಡಾಟ್ ಇನ್ ಹೆಸರುಗಳಿಗೆ ನಮ್ಮ ದೇಶದ್ದೇ ಐಎನ್‌ಡಿಆರ್‌ಪಿ ಇದೆ, ಶುಲ್ಕ ರೂಪಾಯಿಯಲ್ಲಿ. ಮೇಷ್ಟ್ರ ಹೆಸರು ಡಾಟ್ ಆರ್ಗ್, ಅದು ಇಲ್ಲಿಗೆ ಸಲ್ಲದು.

ನಾನು ಲೆಕ್ಕದ ಮನುಷ್ಯ, ಎದುರಾಳಿಯ ಖಾತೆ ನೋಡಿದೆ. ಇಂಥವರ ಬಳಿ ನೂರಾರು ಹೆಸರು ಇರುತ್ತವೆ, ಪ್ರತಿಯೊಂದಕ್ಕೂ ವರ್ಷವರ್ಷ ಬಾಡಿಗೆ ಅವರೇ ಕಟ್ಟಬೇಕು. ಒಂದು ಹಳ್ಳಿ ಶಾಲೆಯ ಹೆಸರಿಗೆ ಆ ಶಾಲೆಯವರಲ್ಲದೆ ಬೇರೆ ಗಿರಾಕಿ ಯಾರು? ಅದಕ್ಕೇ ಬರೆದೆ: "ಮೇಷ್ಟ್ರೇ, ಆತುರ ತೋರಿಸಬೇಡಿ, ದಿನಾ ಆ ಪುಟ ತೆರೆಯಬೇಡಿ. ಬಂದು ಹೋಗುವವರ ಎಣಿಕೆ ಏರಿದಷ್ಟೂ ಅವನ ಬೆಲೆ ಏರುತ್ತದೆ. ಚೌಕಾಸಿ ಒಬ್ಬರೇ ಮಾಡಿ, ಶತಮಾನೋತ್ಸವದ ಮಾತೆತ್ತಬೇಡಿ. ಕೊಳ್ಳುವುದೇ ಆದರೆ ಹಣವನ್ನು ನೇರ ಕಳಿಸದೆ ಎಸ್ಕ್ರೋ ಎಂಬ ಮಧ್ಯವರ್ತಿ ಸೇವೆಯ ಕೈಗೆ ಕೊಡಿ, ಹೆಸರು ನಿಮ್ಮ ಖಾತೆಗೆ ಬಂದ ಮೇಲೆ ಹಣ ಅವನಿಗೆ ಹೋಗಲಿ."

ಇನ್ನೂ ತುರ್ತಿನ ವಿಷಯ ಬೇರೆ ಇತ್ತು. ಆ ಹೆಸರಿನಲ್ಲಿ ಸಂಘಕ್ಕೆ ಇ-ಮೇಲ್ ವಿಳಾಸವೂ ಇತ್ತು. ಹೆಸರು ಯಾರ ಕೈಯಲ್ಲೋ ಅವನು ಅಲ್ಲಿಗೆ ಬರುವ ಪತ್ರಗಳನ್ನೂ ಪಡೆಯಬಲ್ಲ. ಬ್ಯಾಂಕಿನಲ್ಲೋ ಫೇಸ್‌ಬುಕ್ಕಿನಲ್ಲೋ ಆ ವಿಳಾಸ ಕೊಟ್ಟಿದ್ದರೆ ಪಾಸ್‌ವರ್ಡ್ ಬದಲಿಸುವ ಕೊಂಡಿಯೂ ಅವನಿಗೇ ಹೋಗುತ್ತದೆ. ಅದನ್ನು ಅವತ್ತೇ ಬದಲಿಸಿ ಎಂದೆ. ಸಂಘದ ಖಜಾಂಚಿ ಮರುದಿನವೇ ಬ್ಯಾಂಕಿಗೆ ಹೋಗಿ ಬಂದರಂತೆ.

ಫೋಟೋಗಳ ಕಥೆ ಕೇಳಿ, ಮಕ್ಕಳೇ. ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆ 1996ರಿಂದ ಲೋಕದ ಪುಟಗಳ ನಕಲು ತೆಗೆದಿಡುತ್ತಿದೆ. ಅದರ 'ವೇಬ್ಯಾಕ್ ಮಷೀನ್'ನಲ್ಲಿ ಹಳೆಯ ವಿಳಾಸ ಕೊಟ್ಟರೆ ಹಳೆಯ ಪುಟ ಕಾಣಬಹುದು, ಖರ್ಚಿಲ್ಲ. ಮೇಷ್ಟ್ರ ಮೊಮ್ಮಗಳು, ಒಂಬತ್ತನೆಯ ತರಗತಿ, ಎರಡು ಭಾನುವಾರ ಕೂತು ಹುಡುಕಿದಳು. ಎಲ್ಲವೂ ಸಿಗಲಿಲ್ಲ. ಹೆಡ್‌ಮೇಷ್ಟ್ರ ಚಿತ್ರ ಸಿಕ್ಕಿತು, ನಾಟಕದ ಫೋಟೋಗಳಲ್ಲಿ ಅರ್ಧ ಸಿಕ್ಕವು. ಸಂಘ ಸಾವಿರ ರೂಪಾಯಿಯೊಳಗೆ ಹೊಸ ಡಾಟ್ ಇನ್ ಹೆಸರು ಹಿಡಿಯಿತು. ಈ ಸಲ ಅದು ಸಂಘದ ಹೆಸರಿನಲ್ಲೇ ಇದೆ, ಇಬ್ಬರ ಇ-ಮೇಲ್ ಮತ್ತು ಫೋನ್ ನಂಬರ್ ಕೊಟ್ಟಿದ್ದಾರೆ. ಮಾರಾಟವಾಗದೆ ಉಳಿದ ಪುಸ್ತಕಗಳಿಗೆ ಶಾಲೆಯ ಹುಡುಗರು ಹೊಸ ವಿಳಾಸದ ಚೀಟಿ ಅಂಟಿಸಿದರು. ಅಂಟು ಸಾಲದೆ ಕೊನೆಯ ಕಟ್ಟಿಗೆ ಅನ್ನದ ಅಗುಳು ಬಳಸಿದರಂತೆ.

ಮೊನ್ನೆ ಮೇಷ್ಟ್ರ ಫೋನ್ ಬಂತು. ಆಸಾಮಿ ತಾನಾಗಿಯೇ 150 ಡಾಲರಿಗೆ ಇಳಿದಿದ್ದಾನೆ. ಸಂಘದಲ್ಲಿ ಎರಡು ಪಕ್ಷವಾಗಿದೆ: ಜೂಜಿನ ಪುಟ ತೊಲಗಿದರೆ ಸಾಕು, ಕೊಟ್ಟುಬಿಡೋಣ ಎನ್ನುವವರು, ಒಂದು ಪೈಸೆಯೂ ಬೇಡ ಎನ್ನುವವರು. ನಾನು ಎರಡನೆಯವರ ಕಡೆ. ಅವನ ಬಾಡಿಗೆ ಮುಗಿಯುವುದು ಬರುವ ಫೆಬ್ರವರಿಯಲ್ಲಿ, ಅಲ್ಲಿಯವರೆಗೆ ಕಾಯೋಣ ಎಂದಿದ್ದೇನೆ.