ಕೋಚ್ ಮಹಾಶಯರ ಭಜನೆ ಸಾಕು

ಅಮೆರಿಕದ ಕಾಲೇಜು ಫುಟ್‌ಬಾಲನ್ನು ಕುರಿತು ಓದತಕ್ಕ ಪುಸ್ತಕಗಳು ಯಾವುವು ಎಂದು ಕೇಳುವ ಕನ್ನಡಿಗರು ಈಗ ಇದ್ದಾರೆ. ಮಗನನ್ನೋ ಮಗಳನ್ನೋ ಅಲ್ಲಿಯ ವಿಶ್ವವಿದ್ಯಾನಿಲಯಕ್ಕೆ ಕಳಿಸಿದವರು, ಶನಿವಾರ ಬಂತೆಂದರೆ ಊರಿಗೆ ಊರೇ ಒಂದೇ ಬಣ್ಣದ ಅಂಗಿ ತೊಟ್ಟು ಕ್ರೀಡಾಂಗಣಕ್ಕೆ ನುಗ್ಗುತ್ತದೆಂದು ಮಕ್ಕಳಿಂದ ಕೇಳಿ, ಇದೆಂಥ ಹುಚ್ಚು ತಿಳಿಯೋಣವೆಂದು ಹೊರಡುತ್ತಾರೆ. ಅವರ ಕೈಗೆ ಸಿಕ್ಕುವುದು ಒಂದು ಸಿದ್ಧ ಪಟ್ಟಿ. ಯಾರು ಮಾಡಿದ ಪಟ್ಟಿಯಾದರೂ ಅಷ್ಟೆ; ಅದರ ತಲೆಯ ಮೇಲೆ ಒಬ್ಬ ಕೋಚ್ ಮಹಾಶಯರು ಕೂತಿರುತ್ತಾರೆ. ಅವರ ಗದರಿಕೆ, ಅವರ ಟೋಪಿ, ಅವರು ಗೆದ್ದ ಪಂದ್ಯಗಳ ಲೆಕ್ಕ, ಕೊನೆಯಲ್ಲಿ ಮುದುಕರಾದ ಶಿಷ್ಯರ ಕಣ್ಣೀರು. ಈ ಪಟ್ಟಿಯ ಮೇಲೆ ನನಗೆ ತಕರಾರಿದೆ.

ಅದಕ್ಕೆ ಮೊದಲು ನಮ್ಮವರೊಡನೆ ಒಂದು ಮಾತು. ಆಟದ ಪುಸ್ತಕವೆಂದರೆ ನಮ್ಮ ಪಂಡಿತವರ್ಗ ಮೂಗು ಮುರಿಯುತ್ತದೆ. "ಏನು ಸ್ವಾಮಿ, ಹಳಗನ್ನಡ ಪಾಠ ಹೇಳುವವರು ಚೆಂಡಾಟದ ಪುಸ್ತಕ ಹಿಡಿದಿದ್ದೀರಲ್ಲ!" ಎಂದು ಕೇಳಿದವರುಂಟು. ಅವರಿಗೆ ನನ್ನ ಉತ್ತರ ರನ್ನ. ಸಾವಿರ ವರ್ಷದ ಹಿಂದಿನ ಆ ಕವಿ ಇಡೀ ಭಾರತದ ಕಥೆಯನ್ನು ಒಂದು ದ್ವಂದ್ವಯುದ್ಧದೊಳಕ್ಕೆ ತುಂಬಿದನು. ಇಬ್ಬರು ಗದೆ ಹಿಡಿದು ಹೊಡೆದಾಡುವುದು, ಸೊಂಟದ ಕೆಳಗೆ ಹೊಡೆಯಬಾರದೆಂಬ ನಿಯಮವಿರುವುದು, ಆ ನಿಯಮ ಮುರಿದವನು ಗೆಲ್ಲುವುದು. 'ಗದಾಯುದ್ಧ'ದ ನಡುವಿನ ಸಂಗತಿ ಇಷ್ಟೆ. ಭೀಮನನ್ನು ತನ್ನ ಒಡೆಯನೊಡನೆ ಸಮೀಕರಿಸಿ ಹಾಡುವ ಕಟ್ಟುಪಾಡು ಕವಿಗಿತ್ತು. ಆದರೂ ಓದುಗನ ಮನಸ್ಸಿನಲ್ಲಿ ಉಳಿಯುವವನು ತೊಡೆ ಮುರಿದು ಬಿದ್ದ ದುರ್ಯೋಧನ. ಗೆದ್ದವನ ಆಸ್ಥಾನದಲ್ಲಿ ಕೂತು ಸೋತವನಿಗೆ ನ್ಯಾಯ ಮಾಡಿದ ಕಾವ್ಯ ನಮ್ಮಲ್ಲಿರುವಾಗ, ಮೈಯಿಂದ ಆಡುವ ಆಟ ಸಾಹಿತ್ಯಕ್ಕೆ ಹೊರಗೆಂದು ಹೇಳುವ ಧೈರ್ಯ ಇವರಿಗೆ ಎಲ್ಲಿಂದ ಬಂತು? ಪರದೇಶದ ಈ ಪುಸ್ತಕಗಳನ್ನೂ ನಾನು ಅದೇ ಅಳತೆಗೋಲಿನಿಂದ ಅಳೆಯುತ್ತೇನೆ. ಬಿದ್ದ ಹುಡುಗನಿಗೆ ಪುಸ್ತಕದಲ್ಲಿ ಎಷ್ಟು ಜಾಗವಿದೆ?

ಆಟದ ಹೆಸರಿನಿಂದ ಮೋಸಹೋಗಬಾರದು. ಇದು ನಾವು ಬಲ್ಲ ಕಾಲ್ಚೆಂಡಲ್ಲ. ಚೆಂಡು ಮೊಟ್ಟೆಯಾಕಾರದ್ದು, ಬಹುಮಟ್ಟಿಗೆ ಕೈಯಲ್ಲಿಯೇ ಇರುತ್ತದೆ; ಹನ್ನೊಂದು ಮಂದಿ ಎದುರಿನ ಹನ್ನೊಂದು ಮಂದಿಯ ಮೇಲೆ ಬಿದ್ದು ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೊತ್ತಬೇಕು. 1869 ರಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಮೊದಲ ಪಂದ್ಯ ನಡೆಯಿತೆಂದು ಲೆಕ್ಕ. 1905 ರಷ್ಟು ಹೊತ್ತಿಗೆ ಪೆಟ್ಟುತಿಂದು ಸಾಯುವವರ ಸಂಖ್ಯೆ ಎಷ್ಟಾಯಿತೆಂದರೆ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಪ್ರಮುಖರನ್ನು ಶ್ವೇತಭವನಕ್ಕೆ ಕರೆಸಿ ಬುದ್ಧಿ ಹೇಳಬೇಕಾಯಿತು. ಇಂದು ಮಿಶಿಗನ್ ವಿಶ್ವವಿದ್ಯಾನಿಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಮಿಕ್ಕು ಜನ ಕೂರಬಹುದು. ಅಲ್ಲಿಯ ಎಷ್ಟೋ ಸಂಸ್ಥಾನಗಳಲ್ಲಿ ಸರ್ಕಾರದ ಸಂಬಳಗಾರರಲ್ಲೆಲ್ಲ ಹೆಚ್ಚಿನ ಸಂಬಳದವನು ಗವರ್ನರನಲ್ಲ, ಕುಲಪತಿಯಲ್ಲ, ಫುಟ್‌ಬಾಲ್ ಕೋಚು. (ಸಂಬಳದ ಮಾತು ಬಂದಾಗ ಅಧ್ಯಾಪಕನಾದವನು ಸುಮ್ಮನಿರುವುದು ಲೇಸು.)

ಪಟ್ಟಿಗಳಲ್ಲಿ ತಪ್ಪದೆ ಕಾಣುವ ಪುಸ್ತಕ ಜಿಮ್ ಡೆಂಟ್ ಅವರ 'ದಿ ಜಂಕ್ಷನ್ ಬಾಯ್ಸ್', 1999 ರಲ್ಲಿ ಬಂದದ್ದು. 1954 ರಲ್ಲಿ 'ಬೇರ್' ಬ್ರಯಂಟ್ ಎಂಬ ಪ್ರಸಿದ್ಧ ಕೋಚ್ ಟೆಕ್ಸಸ್ ಎ. ಅಂಡ್ ಎಂ. ಕಾಲೇಜಿಗೆ ಹೊಸದಾಗಿ ಬಂದು, ಹುಡುಗರನ್ನು ಬಸ್ಸುಗಳಲ್ಲಿ ತುಂಬಿಸಿಕೊಂಡು ಜಂಕ್ಷನ್ ಎಂಬ ಬರಗಾಲದ ಊರಿಗೆ ಕರೆದೊಯ್ದರು. ಸುಡುಬಿಸಿಲಿನಲ್ಲಿ, ಅಭ್ಯಾಸದ ನಡುವೆ ಕುಡಿಯಲು ನೀರಿಲ್ಲದೆ, ಸುಮಾರು ಹತ್ತು ದಿವಸ ದುಡಿಸಿದರು. ಒಬ್ಬ ಹುಡುಗ ಬಿಸಿಲಿನ ಹೊಡೆತಕ್ಕೆ ಕುಸಿದು ಸಾವಿನ ಬಾಗಿಲಿಗೆ ಹೋಗಿಬಂದ. ಮಿಕ್ಕವರಲ್ಲಿ ಹೆಚ್ಚುಮಂದಿ ರಾತ್ರಿಹೊತ್ತು ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದರು. ಕೊನೆಗುಳಿದವರು ಸುಮಾರು 35. ಡೆಂಟರು ಕ್ರೌರ್ಯವನ್ನು ಮುಚ್ಚಿಡುವುದಿಲ್ಲ. ಕಥೆ ಹೇಳುವ ಹದವೂ ಅವರಿಗೆ ಚೆನ್ನಾಗಿ ಗೊತ್ತು. ಆದರೆ ಪುಸ್ತಕದ ಒಲವೆಲ್ಲ ಒಂದೇ ಕಡೆಗೆ. ಉಳಿದವರು ಗಂಡಸರಾದರು, ಕೋಚ್ ಅವರನ್ನು ಹುರಿದು ಹೊನ್ನು ಮಾಡಿದರು ಎಂಬ ಕಡೆಗೆ. ಇಷ್ಟು ಹುರಿದ ಮೇಲೆ ಆ ವರ್ಷ ತಂಡ ಗೆದ್ದದ್ದು ಒಂದು ಪಂದ್ಯ, ಸೋತದ್ದು ಒಂಬತ್ತು. 1956 ರಲ್ಲಿ ಅದೇ ಕಾಲೇಜು ಒಂದೂ ಸೋಲಿಲ್ಲದೆ ಮೆರೆದುದನ್ನು ಹಿಡಿದು ಭಕ್ತರು ನೀರು ಕೊಡದಿದ್ದದ್ದೇ ಅದಕ್ಕೆ ಕಾರಣವೆನ್ನುತ್ತಾರೆ. ಎರಡು ವರ್ಷ ಮೊದಲು ಕುಡಿಯದ ನೀರಿಗೆ ಇಷ್ಟು ಮಹಿಮೆಯೇ? ರಾತ್ರಿ ಹೊರಟುಹೋದ ಹುಡುಗರು ಮುಂದೆ ಏನಾದರು, ಮನೆಗೆ ಹೋಗಿ ಅಪ್ಪನಿಗೆ ಏನೆಂದು ಹೇಳಿದರು ಎಂದು ತಿಳಿಯಬೇಕೆನ್ನಿಸುತ್ತದೆ. ನನಗೆ ಬೇಕಾದ ಪುಸ್ತಕ ಅವರದ್ದು.

ಜನಪ್ರಿಯತೆಯಲ್ಲಿ ಇದನ್ನೂ ಮೀರಿಸಿದ್ದು ಮೈಕೇಲ್ ಲೂಯಿಸ್ ಅವರ 'ದಿ ಬ್ಲೈಂಡ್ ಸೈಡ್', 2006. ಮೆಂಫಿಸ್ ನಗರದ ಕರಿಯ ಜನಾಂಗದ ಬಡ ಹುಡುಗ ಮೈಕೇಲ್ ಓಹರನನ್ನು ಶ್ರೀಮಂತ ಬಿಳಿಯ ಕುಟುಂಬವೊಂದು ಮನೆಗೆ ಸೇರಿಸಿಕೊಂಡು, ಅವನು ಮಿಸಿಸಿಪಿ ವಿಶ್ವವಿದ್ಯಾನಿಲಯದ ಆಟಗಾರನಾದ ಕಥೆ. 2009 ರಲ್ಲಿ ಚಲಚ್ಚಿತ್ರವಾಗಿ ಲೋಕವೆಲ್ಲ ಅತ್ತಿತು. ಗ್ರಂಥಕರ್ತನೂ ಆ ಮನೆಯ ಯಜಮಾನನೂ ಬಾಲ್ಯದ ಸಹಪಾಠಿಗಳು ಎಂಬುದನ್ನು ಓದುಗನು ಮರೆಯಬಾರದು. ಕಥೆ ಅನ್ನವಿಟ್ಟವರ ಜಗುಲಿಯಿಂದ ಕಂಡ ಕಥೆ. 2011 ರಲ್ಲಿ ಓಹರ್ ತಾನೇ 'ಐ ಬೀಟ್ ದಿ ಆಡ್ಸ್' ಬರೆದು, ತನ್ನನ್ನು ಮಂದಬುದ್ಧಿಯವನಂತೆ ಚಿತ್ರಿಸಿದ್ದು ಸರಿಯಲ್ಲವೆಂದೂ ಆಟ ತನಗೆ ಮೊದಲೇ ತಿಳಿದಿತ್ತೆಂದೂ ಹೇಳಿದನು. 2023 ರಲ್ಲಿ, ತನ್ನನ್ನು ದತ್ತು ತೆಗೆದುಕೊಂಡೇ ಇರಲಿಲ್ಲ, ಕೇವಲ ಪಾಲಕತ್ವದ ಕಾಗದ ಮಾಡಿಕೊಂಡಿದ್ದರು ಎಂದು ನ್ಯಾಯಾಲಯಕ್ಕೆ ಹೋದನು. ಕುಟುಂಬದವರು ಆರೋಪಗಳನ್ನು ಅಲ್ಲಗಳೆದರು. ನ್ಯಾಯಾಲಯ ಅದೇ ವರ್ಷ ಆ ಪಾಲಕತ್ವವನ್ನು ಕೊನೆಗೊಳಿಸಿತು. ಯಾರದು ಸರಿಯೆಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಲೂಯಿಸರ ಪುಸ್ತಕ ಓದುವವರು ಓಹರನ ಪುಸ್ತಕವನ್ನೂ ಪಕ್ಕದಲ್ಲಿಟ್ಟುಕೊಳ್ಳಲಿ ಎಂಬುದಷ್ಟೇ ನನ್ನ ಆಗ್ರಹ. ಬರವಣಿಗೆಯ ಬೆಡಗು ಮೊದಲನೆಯದರಲ್ಲಿ ಹೆಚ್ಚು. ಹುಡುಗನ ದನಿ ಎರಡನೆಯದರಲ್ಲಿ ಮಾತ್ರ.

ಶಬ್ದಗಳೊಡನೆ ಬಾಳುವ ನನ್ನಂಥವನಿಗೆ ಎಲ್ಲಕ್ಕಿಂತ ರುಚಿಸಿದ್ದು ಒಂದು ಶಬ್ದದ ಚರಿತ್ರೆ. 'ಸ್ಟೂಡೆಂಟ್ ಅಥ್ಲೀಟ್', ಎಂದರೆ ವಿದ್ಯಾರ್ಥಿ-ಕ್ರೀಡಾಪಟು. ಕೇಳಲು ಎಷ್ಟು ಶುಭ್ರವಾಗಿದೆ! ಅಮೆರಿಕದ ಕಾಲೇಜು ಕ್ರೀಡೆಗಳನ್ನು ಆಳುವ ಎನ್.ಸಿ.ಎ.ಎ. ಎಂಬ ಸಂಸ್ಥೆ 1950 ರ ದಶಕದಲ್ಲಿ ಈ ಮಾತನ್ನು ಟಂಕಿಸಿತು. ಕಾರಣ ವಿದ್ಯಾಪ್ರೇಮವಲ್ಲ. ಆಟದಲ್ಲಿ ಗಾಯಗೊಂಡವರು 'ನಾವು ನೌಕರರು, ಪರಿಹಾರ ಕೊಡಿ' ಎಂದು ಕೇಳತೊಡಗಿದ್ದರು. ಕೊಲರಾಡೋ ಸಂಸ್ಥಾನದ ಸಣ್ಣ ಕಾಲೇಜೊಂದರ ಆಟಗಾರನು ತಲೆಗೆ ಪೆಟ್ಟುಬಿದ್ದು ತೀರಿಕೊಂಡಾಗ ಅವನ ಹೆಂಡತಿ ಪರಿಹಾರ ಕೇಳಿದಳು. 1957 ರಲ್ಲಿ ಆ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯ ಇಲ್ಲವೆಂದಿತು. ಕಾಲೇಜು ಫುಟ್‌ಬಾಲ್ ವ್ಯಾಪಾರದಲ್ಲಿಲ್ಲವಂತೆ. ಈ ಶಬ್ದದ ಹುಟ್ಟನ್ನು ಬಯಲಿಗೆಳೆದವನು ಯಾರೋ ವಿರೋಧಿಯಲ್ಲ. 1951 ರಿಂದ ಮೂರು ದಶಕಕ್ಕೂ ಮಿಕ್ಕು ಆ ಸಂಸ್ಥೆಯ ಚುಕ್ಕಾಣಿ ಹಿಡಿದಿದ್ದ ವಾಲ್ಟರ್ ಬಯರ್ಸ್ ಎಂಬಾತನೇ. ನಿವೃತ್ತನಾದ ಮೇಲೆ 1995 ರಲ್ಲಿ 'ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಕಾಂಡಕ್ಟ್' ಎಂಬ ಪುಸ್ತಕದಲ್ಲಿ, ತಾನು ಕಟ್ಟಿದ ಏರ್ಪಾಡಿನಲ್ಲಿ ಹುಡುಗರ ಶೋಷಣೆಯಿದೆಯೆಂದು ಬರೆದನು. ಶೈಲಿ ಒಣಕಲು, ಕಛೇರಿಯ ಕಡತದಂತೆ. ಆದರೂ ಅದನ್ನು ಬಿಡಬಾರದು. ಬೇಲಿಯೇ ಎದ್ದು 'ಹೊಲ ಮೇಯ್ದದ್ದು ನಾನೇ' ಎಂದು ಸಾಕ್ಷಿ ಹೇಳುವುದು ದಿನವೂ ಸಿಕ್ಕುವ ಸುಖವಲ್ಲ. ಮಾರ್ಟಿನ್ ಲೂಥರ್ ಕಿಂಗರ ಕಾಲದ ಚರಿತ್ರೆ ಬರೆದು ಹೆಸರಾದ ಟೇಲರ್ ಬ್ರಾಂಚ್ 2011 ರಲ್ಲಿ 'ಅಟ್ಲಾಂಟಿಕ್' ಪತ್ರಿಕೆಗೆ ಬರೆದ ದೀರ್ಘಲೇಖನ ಈ ವಿಷಯವನ್ನು ಇನ್ನೂ ಹರಿತವಾಗಿ ಹೇಳುತ್ತದೆ.

ಈಗ ಎಲ್ಲ ಸರಿಹೋಯಿತಲ್ಲ, ಈ ಪುಸ್ತಕಗಳು ಹಳತಾದವು ಎನ್ನುವವರಿದ್ದಾರೆ. 2021 ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ಸಂಸ್ಥೆಯ ವಿರುದ್ಧ ಸರ್ವಾನುಮತದ ತೀರ್ಪು ಕೊಟ್ಟಿತು. 2025 ರ ಜೂನ್‌ನಲ್ಲಿ ಒಪ್ಪಿಗೆ ಪಡೆದ ರಾಜಿಯ ಪ್ರಕಾರ ಒಂದೊಂದು ವಿದ್ಯಾಲಯವೂ ಮೊದಲ ವರ್ಷ ಸುಮಾರು 2 ಕೋಟಿ 5 ಲಕ್ಷ ಡಾಲರುಗಳವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದಾಯಿತು. ಸಂತೋಷ. ಆದರೆ ಆ ಕೊಲರಾಡೋದ ಹೆಂಗಸಿಗೆ ಅದರಲ್ಲಿ ಯಾವ ಪಾಲು? ಬಾಕಿ ಎಷ್ಟು ಹಳೆಯದೆಂದು ತಿಳಿಯಲು ಹಳೆಯ ಕಡತ ಓದಲೇಬೇಕು.

ಸ್ಯಾಲಿ ಜೆಂಕಿನ್ಸ್ ಅವರ 'ದಿ ರಿಯಲ್ ಆಲ್ ಅಮೆರಿಕನ್ಸ್' (2007) ಇನ್ನೂ ಹಿಂದಕ್ಕೆ ಹೋಗುತ್ತದೆ. ಪೆನ್ಸಿಲ್ವೇನಿಯದ ಕಾರ್ಲೈಲ್ ಎಂಬಲ್ಲಿ 1879 ರಲ್ಲಿ ಮೂಲನಿವಾಸಿಗಳ ಮಕ್ಕಳಿಗಾಗಿ ಸರ್ಕಾರದ ಶಾಲೆಯೊಂದು ಹುಟ್ಟಿತು. ಮಕ್ಕಳ ಜಡೆ ಕತ್ತರಿಸಿದರು, ಹೆಸರು ಬದಲಿಸಿದರು, ತಾಯ್ನುಡಿ ಆಡಿದರೆ ಶಿಕ್ಷಿಸಿದರು. ಶಾಲೆಯ ಸ್ಮಶಾನದಲ್ಲಿ ನೂರಕ್ಕೂ ಮಿಕ್ಕು ಎಳೆಯರ ಗೋರಿಗಳಿವೆ. ಇಂಥ ಶಾಲೆಯ ಹುಡುಗರು ದೊಡ್ಡ ದೊಡ್ಡ ಕಾಲೇಜುಗಳನ್ನು ಆಟದಲ್ಲಿ ಸೋಲಿಸಿದರು. 1912 ರ ನವೆಂಬರಿನಲ್ಲಿ ವೆಸ್ಟ್ ಪಾಯಿಂಟಿಗೇ ಹೋಗಿ ಸೈನ್ಯದ ತಂಡವನ್ನು 27–6 ರಿಂದ ಬಡಿದರು. ತಾತಂದಿರ ಮೇಲೆ ಗುಂಡು ಹಾರಿಸಿದ ಸೈನ್ಯದ ಅಧಿಕಾರಿಗಳಾಗಲಿದ್ದವರು ಎದುರಿನ ಸಾಲಿನಲ್ಲಿದ್ದರು. ಅವರಲ್ಲೊಬ್ಬ ಮುಂದೆ ಅಧ್ಯಕ್ಷನಾದ ಐಸೆನ್‌ಹೋವರ್. ಕಾರ್ಲೈಲಿನ ಜಿಮ್ ಥಾರ್ಪ್ ಅದೇ ವರ್ಷ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಎರಡು ಚಿನ್ನ ಗೆದ್ದಿದ್ದನು. ರಜೆಯಲ್ಲಿ ಅಲ್ಪ ಕೂಲಿಗೆ ಬೇಸ್‌ಬಾಲ್ ಆಡಿದ್ದನೆಂದು 1913 ರಲ್ಲಿ ಅವನ ಪದಕ ಕಿತ್ತುಕೊಂಡರು. ಏಕೈಕ ವಿಜೇತನೆಂದು ಅವನನ್ನು ಮತ್ತೆ ಒಪ್ಪಿಕೊಂಡದ್ದು 2022 ರಲ್ಲಿ, ಅವನು ಸತ್ತು 69 ವರ್ಷವಾದ ಮೇಲೆ. ಹವ್ಯಾಸಿ ಎಂಬ ಪವಿತ್ರ ಶಬ್ದ ಯಾರ ಕೊರಳಿಗೆ ಬೀಳುತ್ತದೆಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಪುಸ್ತಕ ನಾನು ಕಂಡಿಲ್ಲ.

ವಿಶ್ವವಿದ್ಯಾನಿಲಯ ಮನಸ್ಸು ಮಾಡಿದರೆ ಈ ಗಾಡಿಯಿಂದ ಇಳಿಯಬಹುದೇ? ಇಳಿದ ಕಥೆ ರಾಬಿನ್ ಲೆಸ್ಟರ್ ಅವರ 'ಸ್ಟ್ಯಾಗ್ಸ್ ಯೂನಿವರ್ಸಿಟಿ' (1995) ಎಂಬುದರಲ್ಲಿದೆ. ಶಿಕಾಗೋ ವಿಶ್ವವಿದ್ಯಾನಿಲಯ ಒಂದು ಕಾಲಕ್ಕೆ ಈ ಆಟದ ದೊರೆ. 1939 ರಲ್ಲಿ ಅದರ ಅಧ್ಯಕ್ಷ ಹಚಿನ್ಸ್ ಫುಟ್‌ಬಾಲನ್ನೇ ತೆಗೆದುಹಾಕಿದರು. ಖಾಲಿಬಿದ್ದ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗೆ 1942 ರಲ್ಲಿ ಮೊತ್ತಮೊದಲ ಪರಮಾಣು ಸರಪಳಿ ಕ್ರಿಯೆ ನಡೆಯಿತು. ಅದೇ ನೆಲದ ಮೇಲೆ ಈಗ ಅವರ ಬೃಹತ್ ಗ್ರಂಥಾಲಯ ನಿಂತಿದೆ. 1962 ರಿಂದ ಅಲ್ಲಿ ಪಾಠ ಹೇಳಿದ ನಮ್ಮ ಎ. ಕೆ. ರಾಮಾನುಜನ್ನರ ವಿಶ್ವವಿದ್ಯಾನಿಲಯವೇ ಅದು. ಒಂದು ಕಾಲಕ್ಕೆ ಚೆಂಡು ಹಿಡಿದು ಓಡಿದ ನೆಲದ ಮೇಲೆ ಇಂದು ಕನ್ನಡ ಪುಸ್ತಕಗಳೂ ಕೂತಿವೆ ಎನ್ನುವುದು ನನಗೆ ಖುಷಿಯ ವಿಷಯ. ಆಟ ನಿಂತಿತೆಂದು ಅಲ್ಲಿಯ ವಿದ್ಯೆ ಬಡವಾಗಲಿಲ್ಲ. 1969 ರಲ್ಲಿ ಆಟ ಸದ್ದಿಲ್ಲದೆ, ಸಣ್ಣದಾಗಿ ಹಿಂತಿರುಗಿತು.

ಇಷ್ಟು ಕೇಳಿ ನಾನು ಆಟದ ದ್ವೇಷಿಯೆಂದು ತಿಳಿಯಬಾರದು. ವಾರೆನ್ ಸೇಂಟ್ ಜಾನ್ ಅವರ 'ರ‍್ಯಾಮರ್ ಜ್ಯಾಮರ್ ಯೆಲ್ಲೋ ಹ್ಯಾಮರ್' (2004) ಓದಿ ನಾನು ಗಟ್ಟಿಯಾಗಿ ನಕ್ಕಿದ್ದೇನೆ. ಅಲಬಾಮಾ ತಂಡದ ಹಿಂದೆ ಮನೆಯಂಥ ಮೋಟಾರುಗಳಲ್ಲಿ ಊರೂರು ಅಲೆಯುವ ಅಭಿಮಾನಿಗಳ ಕಥೆ ಅದು. ಪಂದ್ಯವಿದೆಯೆಂದು ಮಗಳ ಮದುವೆಯ ಮುಹೂರ್ತವನ್ನೇ ತಪ್ಪಿಸಿಕೊಂಡ ದಂಪತಿಗಳು ಅದರಲ್ಲಿದ್ದಾರೆ. ಜಾತ್ರೆಯ ತೇರಿನ ಹಿಂದೆ ಹೋದವರನ್ನು ಬಲ್ಲ ನಮಗೆ ಇವರು ಅಪರಿಚಿತರಲ್ಲ.

ಆದರೆ ಒಂದೇ ಪುಸ್ತಕ ಹೇಳಿ ಎಂದರೆ ನಾನು ಹೇಳುವುದು ವಿಲ್ಲೀ ಮಾರಿಸ್ ಅವರ 'ದಿ ಕೋರ್ಟಿಂಗ್ ಆಫ್ ಮಾರ್ಕಸ್ ಡುಪ್ರೀ', 1983. ಮಿಸಿಸಿಪಿಯ ಫಿಲಡೆಲ್ಫಿಯ ಎಂಬ ಸಣ್ಣ ಊರಿನ ಬಳಿ 1964 ರ ಜೂನಿನಲ್ಲಿ, ಕರಿಯರ ಮತಾಧಿಕಾರಕ್ಕಾಗಿ ದುಡಿಯುತ್ತಿದ್ದ ಮೂವರು ತರುಣರನ್ನು ಕೊಂದು ಮಣ್ಣಿನಲ್ಲಿ ಹೂತರು. ಅದಕ್ಕೆ ಒಂದು ತಿಂಗಳು ಮೊದಲು ಅದೇ ಊರಿನ ಕರಿಯ ಕುಟುಂಬದಲ್ಲಿ ಹುಟ್ಟಿದ ಕೂಸು ಮಾರ್ಕಸ್. ಹದಿನೇಳು ತುಂಬುವಷ್ಟರಲ್ಲಿ ದೇಶದ ಕಾಲೇಜುಗಳೆಲ್ಲ ಅವನ ಮನೆಯ ಬಾಗಿಲಿಗೆ ಸಾಲುಗಟ್ಟಿದವು. 1962 ರಲ್ಲಿ ಒಬ್ಬ ಕರಿಯ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳಲು ಸೈನ್ಯವೇ ಬರಬೇಕಾದ ಸಂಸ್ಥಾನವದು! ಮಾರಿಸ್ ಆ ನೆಲದ ಬಿಳಿಯ ಮಗ; ತನ್ನವರ ಪಾಪವನ್ನೂ ತನ್ನವರ ಪ್ರೀತಿಯನ್ನೂ ಬಲ್ಲವನು. ಆಟದ ವರ್ಣನೆ ಮಾಡುತ್ತ ಮಾಡುತ್ತಲೇ ಊರಿನ ಹಳೆಯ ಗಾಯಕ್ಕೆ ಕೈಹಾಕುತ್ತಾನೆ. ಡುಪ್ರೀ 1982 ರಲ್ಲಿ ಒಕ್ಲಹೋಮಾಕ್ಕೆ ಸೇರಿ, ಮರುವರ್ಷವೇ ನಡುವೆ ಬಿಟ್ಟುಬಂದನು. ಮುಂದೆ ಮೊಣಕಾಲೂ ಹೋಯಿತು.

ಕೊಳ್ಳಲು ಹೊರಟವರು ಇದರಿಂದ ಆರಂಭಿಸಲಿ, ಆಮೇಲೆ ಜೆಂಕಿನ್ಸ್, ಆಮೇಲೆ ಓಹರ್. ಕಾದಂಬರಿಯೇ ಬೇಕೆನ್ನುವವರಿಗೆ ಡಾನ್ ಡೆಲಿಲ್ಲೋ ಅವರ 'ಎಂಡ್ ಜೋನ್' (1972) ಇದೆ. ಟೆಕ್ಸಸ್ಸಿನ ಬಯಲಿನ ಕಾಲೇಜಿನಲ್ಲಿ ಫುಟ್‌ಬಾಲ್ ಆಡುತ್ತ ಅಣುಯುದ್ಧದ ಧ್ಯಾನದಲ್ಲಿ ಬಿದ್ದ ಹುಡುಗನ ಕಥೆ. 'ದಿ ಜಂಕ್ಷನ್ ಬಾಯ್ಸ್' ಬೇಡವೆನ್ನುವುದಿಲ್ಲ. ಕೋಚ್‌ಭಕ್ತರು ಅದನ್ನು ಕಡೆಯಲ್ಲಿ ಓದಲಿ, ರಾತ್ರಿ ಹೊರಟುಹೋದ ಹುಡುಗರ ಪುಟಗಳನ್ನು ಮಾತ್ರ ಎರಡು ಸಲ.